ಬೀಳಬೇಕಿದ್ದ ಗೋಡೆ

ಮೇ 11, ಬೆಳಿಗ್ಗೆ

ಮತ್ತೆ ಚಪ್ಪಲಿಯಲ್ಲಿ ಮರಳು. ಟವೆಲ್‌ನಲ್ಲಿ, ಕಾಫಿಯಲ್ಲಿ ಕೂಡ. ರಜೆಯ ಮೂರನೇ ದಿನ. ಸಮುದ್ರ ಎಲ್ಲರಿಗೂ ಇಷ್ಟವಂತೆ. ನನಗೆ ತುಕ್ಕು ಹಿಡಿದ ಕಿಟಕಿ ಸರಳು ಮಾತ್ರ ಕಾಣುತ್ತದೆ — ಹದಿನೆಂಟು ವರ್ಷ ಎಂಜಿನಿಯರ್ ಆಗಿದ್ದರ ಫಲ.

ತಮ್ಮನ ಗೆಸ್ಟ್ ಹೌಸ್‌ಗೆ ಬಂದದ್ದು ಇದೇ ಮೊದಲು. ಅಮ್ಮ ಅವನ ಜೊತೆ ಇಲ್ಲೇ ಇರುತ್ತಾಳೆ. ಪ್ಲಾನ್ ನನ್ನದೇ. ಕಂಬಗಳ ಮೇಲೆ ಮನೆ. ಕೆಳಗೆ ಖಾಲಿ ಜಾಗ, ಸುತ್ತ ತೆಳು ಹಲಗೆ ಗೋಡೆ. ಅಲೆ ನುಗ್ಗಿದರೆ ಹಲಗೆ ಕಳಚಿ ಹೋಗಬೇಕು, ನೀರು ಕಂಬಗಳ ನಡುವೆ ಹಾದುಹೋಗಬೇಕು. ಗೋಡೆ ಹೋದರೆ ಮನೆ ಉಳಿಯುತ್ತದೆ.

ಈಗ ಅಲ್ಲಿ ಕಾಂಕ್ರೀಟ್ ಬ್ಲಾಕಿನ ಗೋಡೆ. ಎರಡು ರೂಮು, ಎ.ಸಿ. ಬಂದ ದಿನವೇ ನೋಡಿದೆ. ಇನ್ನೂ ಬಾಯಿ ಬಿಟ್ಟಿಲ್ಲ.

ಮೇ 12

ಮೇಸ್ತ್ರಿಯನ್ನು ಹಿಡಿದೆ. ಅವನಿಗೆ ನಾಚಿಕೆಯೂ ಇಲ್ಲ.

"ಬೀಳ್ಲಿ ಅಂತ ಗೋಡೆ ಕಟ್ಟೋದು ನನ್ನ ಕೈಲಿ ಆಗಲ್ಲ ಅಕ್ಕಾ. ನನ್ನ ಮರ್ಯಾದೆ ಏನಾಗ್ಬೇಕು? ಕಂಬಕ್ಕೇ ಕಂಬಿ ಸೇರಿಸಿ ಕಟ್ಟಿದೀನಿ. ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ."

ಅದೇ ತೊಂದರೆ. ಅಲ್ಲಾಡದ ಗೋಡೆ ನೀರಿನ ಹೊಡೆತವನ್ನೆಲ್ಲ ಕಂಬಕ್ಕೆ ದಾಟಿಸುತ್ತದೆ. ಕಂಬ ಹೋದರೆ ಮೇಲಿನ ಮಹಡಿಯೂ ಹೋಯಿತು.

ತಮ್ಮನಿಗೆ ಹೇಳಿದೆ, ಗೋಡೆ ಒಡೆಸು ಅಂತ.

"ಫೋಟೋ ಕಳಿಸಿದ್ನಲ್ಲ. ನೋಡಿ ತಾನೇ ಸೈನ್ ಹಾಕಿದ್ದು?"

ನೋಡಿರಲಿಲ್ಲ. ಬರಲು ರಜೆ ಸಿಗಲಿಲ್ಲ, ಸರಿ... ಫೋಟೋ ತೆರೆಯುವುದಕ್ಕೂ ರಜೆ ಬೇಕಿತ್ತೇ? ತಮ್ಮನ ಮನೆ ತಾನೇ ಅಂತ, ಪ್ಲಾನ್ ಪ್ರಕಾರವೇ ಕಟ್ಟಿದೆ ಎನ್ನುವ ಸರ್ಟಿಫಿಕೇಟಿಗೆ ಗೀಚಿ ಕಳಿಸಿದೆ. ನನ್ನ ಮೇಲೆ ನನಗೇ ಹೇಸಿಗೆ.

ಮೇ 14, ಮಧ್ಯಾಹ್ನ 3

ಚಂಡಮಾರುತದ ಎಚ್ಚರಿಕೆ. ಜನರನ್ನು ಗುಡ್ಡದ ಮೇಲಿನ ಶಾಲೆಗೆ ಸಾಗಿಸಲು ಬಸ್ಸು ಬಂತು. ಅಧಿಕಾರಿ ಮನೆಮನೆಗೆ ಬಂದು, ಕಟ್ಟಡ ತಡೆಯುತ್ತದೆಯೇ ಎಂದು ಕಾಗದ ನೋಡಿದ. ತಮ್ಮ ಸರ್ಟಿಫಿಕೇಟ್ ಚಾಚಿದ.

"ಎಂಜಿನಿಯರ್ ಸೈನ್ ಇದೆಯಲ್ಲ. ಮೇಲಿನ ಮಹಡೀಲಿ ಇರಿ, ಸಾಕು. ಬಸ್ಸಲ್ಲಿ ಜಾಗ ಕಮ್ಮಿ."

ಅಮ್ಮನಿಗೆ ಮಂಡಿನೋವು, ಬಸ್ಸು ಹತ್ತುವುದು ತಪ್ಪಿತೆಂದು ಖುಷಿ. "ನನ್ನ ಮಗಳೇ ಸೈನ್ ಹಾಕಿರೋದು" ಎಂದಳು. ಅಧಿಕಾರಿ ನನ್ನತ್ತ ತಲೆಯಾಡಿಸಿದ. ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ.

ಒಂದು ಮಾತು ಆಡಿದ್ದರೆ ಸಾಕಿತ್ತು. ಲೈಸೆನ್ಸ್ ನೆನಪಾಯಿತು. ನಾನೂ ತಲೆಯಾಡಿಸಿದೆ.

ಬಸ್ಸು ಹೋಯಿತು.

ಮೇ 23, ಆಸ್ಪತ್ರೆ

ಬಲಗೈಗೆ ಬ್ಯಾಂಡೇಜ್. ಅಕ್ಷರ ಸೊಟ್ಟ. ತಮ್ಮ ಇವತ್ತು ಡಿಸ್ಚಾರ್ಜ್ ಆದ. ನನ್ನ ವಾರ್ಡಿನತ್ತ ಬರದೇ ಹೋದ.

ಗೋಡೆಗಳು ಬಿರುಕೂ ಬಿಟ್ಟಿಲ್ಲವಂತೆ. ಅಲೆಯ ಹೊಡೆತಕ್ಕೆ ಕಂಬಗಳನ್ನೂ ಎಳೆದುಕೊಂಡು ಹಾಗೇ ಇಡಿಯಾಗಿ ಮಗುಚಿವೆ, ಮೇಲೆ ನಮ್ಮ ಮಹಡಿ. ಮೇಸ್ತ್ರಿಯ ಮರ್ಯಾದೆ ಉಳಿಯಿತು. ಪಕ್ಕದ ಹಳೇ ಲಾಡ್ಜ್‌ನ ಕೆಳಗಿನ ಹಲಗೆಗಳೆಲ್ಲ ಕೊಚ್ಚಿಹೋಗಿವೆ, ಲಾಡ್ಜ್ ನಿಂತಿದೆ.

ಅಮ್ಮನ ಎಡಗಾಲನ್ನು ಮಂಡಿಯಿಂದ ಕೆಳಗೆ ತೆಗೆದಿದ್ದಾರೆ.

ಮೇ 25, ಸಂಜೆ

ಅಮ್ಮ ನರ್ಸ್‌ಗಳಿಗೆಲ್ಲ ಅದೇ ಕಥೆ ಹೇಳುತ್ತಾಳೆ. "ನನ್ನ ಮಗಳು ನೋಡಿ ಸೈನ್ ಹಾಕಿದ ಮನೆ. ಇಲ್ದಿದ್ರೆ ಒಬ್ರೂ ಉಳೀತಿರ್ಲಿಲ್ಲ." ಕೇಳುವಾಗೆಲ್ಲ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತದೆ.

ಇವತ್ತು ಹೇಳಿಯೇಬಿಡುವುದು ಅಂತ ಸ್ಟೂಲ್ ಎಳೆದುಕೊಂಡು ಕೂತೆ.

"ಅಮ್ಮ, ಸೈನ್ ಹಾಕೋವಾಗ ಆ ಮನೇನ ನಾನು ನೋಡೇ ಇರ್ಲಿಲ್ಲ."

"ಗೊತ್ತು. ನಿನ್ ತಮ್ಮ ಹೇಳ್ದ." ಹೊದಿಕೆ ಸರಿಮಾಡಿಕೊಂಡಳು — ಕಾಲಿಲ್ಲದ ಕಡೆ. "ಇನ್ನು ಯಾರ ಹತ್ರಾನೂ ಬಾಯಿಬಿಡ್ಬೇಡ. ಕೆಲ್ಸ ಹೋಗುತ್ತೆ."

ಬಾಗಿಲಲ್ಲಿ ಹೊಸ ನರ್ಸ್. ಅಮ್ಮ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಇವ್ಳೇ ನನ್ನ ಮಗಳು. ಇವ್ಳು ನೋಡಿ ಸೈನ್ ಹಾಕಿದ —"