ಹಂಸಕ್ಕನ ಮಣ್ಣು

ಗರುಡಾಚಾರ್‌ಪಾಳ್ಯ
೧೧ ಜೂನ್ ೨೦೨೫

ಪ್ರೀತಿಯ ಅಪ್ಪಾ,

ರಮ್ಯಳ ನಮಸ್ಕಾರ. ಮಂಡಿನೋವು ಹೇಗಿದೆ? ಮಾಲೂರಿನ ಅತ್ತೆ ಹೊತ್ತಿಗೆ ಸರಿಯಾಗಿ ಮುದ್ದೆ ಹಾಕುತ್ತಿರಬೇಕು, ನೀನು ಸಾರಿಗೆ ಉಪ್ಪು ಕಮ್ಮಿ ಎನ್ನುತ್ತಿರಬೇಕು. ಡಾಕ್ಟರ ಮೇಲೆ ದೂರು ಕೊಟ್ಟೆವೆಂದು ಮುನಿಸಿಕೊಂಡು ಹೋದವನು ಫೋನೂ ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದೀಯ, ಅದಕ್ಕೇ ಈ ಕಾಗದ. ಅಮ್ಮ ಹೇಗೋ ಎರಡು ತುತ್ತು ತಿನ್ನುತ್ತಾಳೆ, ನಿದ್ದೆ ಮಾತ್ರ ಇಲ್ಲ.

ಸೋಮವಾರ ವೈದ್ಯಕೀಯ ಪರಿಷತ್ತಿನಲ್ಲಿ ಹಂಸಕ್ಕನ ಸಾವಿನ ಬಗ್ಗೆ ನಾವು ಕೊಟ್ಟ ದೂರಿನ ವಿಚಾರಣೆ ಇತ್ತು. ಲಕ್ಷ್ಮಿಕಾಂತ ಡಾಕ್ಟರು ಗರಿಗರಿ ಇಸ್ತ್ರಿ ಅಂಗಿಯಲ್ಲಿ ಬಂದು ‘ಏನಮ್ಮಾ, ಅಪ್ಪ ಚೆನ್ನಾಗಿದಾರಾ?’ ಎಂದು ನನ್ನನ್ನೇ ಕೇಳಿದರು. ಅವರೇ ಗರ್ಭಕೋಶದ ಗಡ್ಡೆ ತೆಗೆದ ಮೇಲೆ ಅಕ್ಕನ ಹೊಟ್ಟೆ ಊದಿಕೊಂಡು, ಅವಳು ಮಂಚದ ಕಂಬಿ ಹಿಡಿದು ಕಿರುಚುತ್ತಿದ್ದಾಗ ‘ಗ್ಯಾಸ್ ಅಷ್ಟೇ’ ಎಂದದ್ದೂ ಇದೇ ಬಾಯಿ. ಆ ವಾರವೇ ಅವಳು ಹೋದಳು. ಈಗ ಅವರ ವಕೀಲರು ನಿನ್ನ ಸಹಿ ತೋರಿಸಿ, ಹೃದಯ ನಿಂತು ಸತ್ತರು, ಮರಣೋತ್ತರ ಪರೀಕ್ಷೆ ಬೇಡವೆಂದು ತಂದೆಯೇ ಬರೆದುಕೊಟ್ಟಿದ್ದಾರೆ ಎಂದರು. ಬೇರೆ ಸಾಕ್ಷಿ ಇಲ್ಲದಿದ್ದರೆ ದೂರು ಬಿದ್ದುಹೋಗುತ್ತದೆ.

ನಿನ್ನ ಮೇಲೆ ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಲವಿದ್ದ ಕಾಲದಿಂದ ನೀನು ಆ ಡಾಕ್ಟರ ಮನೆಗೆ ಅವರೆಕಾಯಿ ಹೊತ್ತೆ, ‘ನಮ್ ಡಾಕ್ಟ್ರು’ ಎಂದು ಊರೆಲ್ಲ ಹೇಳಿಕೊಂಡು ಬಂದೆ. ಅವರು ನಿನ್ನ ಕೈ ಹಿಡಿದು ‘ಮದುವೆಯಾಗದ ಹೆಣ್ಮಗಳ ಮೈ ಯಾಕ್ ಕುಯ್ಯಿಸ್ತೀರಾ ಯಜಮಾನ್ರೇ, ಹಾಗೇ ಕರ್ಕೊಂಡ್ ಹೋಗಿ’ ಎಂದಾಗ ನಿನಗೆ ಅದೇ ವೇದವಾಕ್ಯವಾಯಿತು. ನಮ್ಮವರಲ್ಲಿ ಹೆಣ ಕುಯ್ಯಿಸುವುದು ಅವಮಾನ ಎನ್ನುವುದು ನನಗೂ ಗೊತ್ತು, ಅವರಿಗೂ ಗೊತ್ತಿತ್ತು.

ನಮ್ಮ ವಕೀಲ ಅಮೀರ್ ಅವರು ಶಿವಾಜಿನಗರದ ಒಬ್ಬ ಹಿರಿಯ ಸರ್ಜನ್‌ಗೆ ಅಕ್ಕನ ಕೊನೆಯ ಸ್ಕ್ಯಾನ್ ತೋರಿಸಿದರು. ಆಪರೇಷನ್ನಿನಲ್ಲಿ ರಕ್ತ ಒರೆಸುವ ಬಟ್ಟೆ ಹೊಟ್ಟೆಯೊಳಗೇ ಉಳಿದ ಹಾಗಿದೆ, ಆದರೆ ಇಷ್ಟರಿಂದ ಖಚಿತವಾಗಿ ಹೇಳಲಾರೆ ಎಂದರಂತೆ. ಆ ಬಟ್ಟೆಯಲ್ಲಿ ಎಕ್ಸ್‌ರೇಗೆ ಕಾಣುವ ಒಂದು ಎಳೆ ಇರುತ್ತದಂತೆ. ಮೈ ಮಣ್ಣಾದರೂ ಅದು ಕರಗುವುದಿಲ್ಲವಂತೆ.

ಅತ್ತೆಯನ್ನು ಕೇಳಿದೆನೆಂದು ಹೇಳು. ಬಿಪಿ ಮಾತ್ರೆ ಮರೆಯಬೇಡ.

ನಿನ್ನ ಕಿರಿಮಗಳು,
ರಮ್ಯ

ಮರೆತಿದ್ದೆ: ಚಿಕ್ಕಪ್ಪನ ಮಗ ಜಗನ್ ಗಾಡಿ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾನೆ, ಕಾಗದ ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಮರೆತಿದ್ದೆ ಎನ್ನುವುದೂ ಸುಳ್ಳು, ಬರೆಯಲು ಧೈರ್ಯ ಬಂದಿರಲಿಲ್ಲ. ಪರೀಕ್ಷೆಗೆಂದು ಅಕ್ಕನನ್ನು ಮಣ್ಣಿನಿಂದ ಹೊರಗೆ ತೆಗೆಯಲು ಅಪ್ಪಣೆ ಸಿಕ್ಕಿದೆ. ಶನಿವಾರ ಬೆಳಿಗ್ಗೆ ತಹಸೀಲ್ದಾರರೂ ಪೊಲೀಸರೂ ನಮ್ಮ ತೋಟದ ಮೂಲೆಗೆ ಬರುತ್ತಾರೆ. ಮನೆಯವರೊಬ್ಬರು ಹೂತ ಜಾಗ ತೋರಿಸಿ, ಮುಖ ನೋಡಿ, ಇವಳೇ ಎಂದು ಹೇಳಬೇಕು. ಹೆಂಗಸರು ಮಣ್ಣಿಗೆ ಬರಬಾರದು ಎಂದು ಅವತ್ತು ನೀನು ಅಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿದೆ. ಈಗ ನೀನು ಬರದಿದ್ದರೆ ತಾನೇ ಹೋಗಿ ನೋಡುತ್ತೇನೆ ಎಂದು ಕೂತಿದ್ದಾಳೆ. ಅಮ್ಮ ನೋಡುವುದು ಬೇಡ ಅಪ್ಪಾ. ನೀನು ಬಾ.