ಎಡಕ್ಕೆ ತಿರುಗದ ಮಷಿನ್

ಫೆಬ್ರವರಿ 3, ಸೋಮವಾರ. ರಾತ್ರಿ 9

ಮಲವಗೊಪ್ಪ ಸೈಟ್. ಮತ್ತೆ ಅದೇ ಪ್ರಶ್ನೆ — "ಮೆಕ್ಯಾನಿಕ್ ಎಲ್ಲಿ ಮೇಡಂ?" ಹನ್ನೊಂದು ವರ್ಷದಿಂದ 'ನಾನೇ' ಎಂದು ಉತ್ತರ ಹೇಳಿ ಸಾಕಾಗಿದೆ. ಸುಮ್ಮನೆ ಲ್ಯಾಪ್‌ಟಾಪ್ ತೆಗೆದೆ. ಕೇಳಿದವನು ಆಪರೇಟರ್ ಯೋಗರಾಜ್. ಪಾಪ, ಬಿಸಿಲಿಗೆ ಸ್ಕ್ರೀನ್ ಕಾಣುವುದಿಲ್ಲವೆಂದು ಆಮೇಲೆ ಅವನೇ ಛತ್ರಿ ಹಿಡಿದು ನಿಂತ.

ಎಕ್ಸ್‌ಕವೇಟರ್. ಇಪ್ಪತ್ತು ಟನ್. ಓಡಿರುವುದು 1,908 ಗಂಟೆ, ಇನ್ನೂ ಎಳೆಯದು. ಅಗೆಯುತ್ತದೆ, ಬಲಕ್ಕೆ ತಿರುಗುತ್ತದೆ. ಎಡಕ್ಕೆ ತಿರುಗಿಸಿದರೆ ಅರ್ಧದಲ್ಲಿ ನಿಲ್ಲುತ್ತದೆ. ಡಿಸ್‌ಪ್ಲೇಯಲ್ಲಿ 'ಸಂಪರ್ಕ ಕಡಿದಿದೆ'. ಐದು ಸಲ ನೋಡಿದೆ. ಐದು ಸಲವೂ ಅದೇ ಜಾಗ.

ಎಂಜಿನ್, ಪಂಪ್, ಡಿಸ್‌ಪ್ಲೇ — ಎಲ್ಲ ಮಾತಾಡಿಕೊಳ್ಳುವುದು ಒಂದೇ ಜೊತೆ ವೈರಿನ ಮೇಲೆ. ವೈರ್ ಸರಿಯಿದ್ದರೆ, ಬ್ಯಾಟರಿ ಕಳಚಿ ಅಳೆದಾಗ ಅರವತ್ತು ಓಮ್ ಬರಬೇಕು. ಬಂತು. ವೈರ್ ಜಗ್ಗಿದೆ, ಅಲ್ಲಾಡಿಸಿದೆ, ಕನೆಕ್ಟರ್ ಬಿಚ್ಚಿ ಒರೆಸಿದೆ. ಅರವತ್ತೇ. ತಿರುಗುವಾಗ ಎಳೆದುಕೊಳ್ಳುವಂಥ ವೈರೂ ಇಲ್ಲ. ಕ್ಯಾಬಿನ್, ಎಂಜಿನ್ ಎಲ್ಲ ಒಟ್ಟಿಗೇ ತಿರುಗುತ್ತವೆ. ಎಡ ಯಾವುದು, ಬಲ ಯಾವುದು ಎಂದು ವೈರಿಗೆ ಗೊತ್ತಾಗಲೇಬಾರದು.

ಹೊರಡುವಾಗ ಯೋಗರಾಜ್ ಅಂದ, "ಯಾರಿಗೋ ದಾರಿ ಬಿಡ್ತಾ ಇದೆ ಅನ್ಸುತ್ತೆ ಮೇಡಂ. ನಿಲ್ತಿದ್ದಂಗೇ ಹಿಂದ್ಗಡೆ ಬಾಡಿ ಮೇಲೆ ಯಾರೋ ತಟ್ದಂಗಾಗುತ್ತೆ. ಒಂದೇ ಸಲ."

ನಕ್ಕೆ. ಬಿಸಿಲಿಗೆ ಕಬ್ಬಿಣ ಸದ್ದು ಮಾಡುತ್ತದೆ ಕಣೋ ಎಂದೆ. ಹೊಸಮನೆ ಬಡಾವಣೆಯ ಮನೆಗೆ ಬಂದು ಊಟದ ತಟ್ಟೆ ಮುಂದೆ ಕುಳಿತರೂ ಆ 'ಒಂದೇ ಸಲ' ಬಿಡುತ್ತಿಲ್ಲ.

ಫೆಬ್ರವರಿ 4. ಮಧ್ಯಾಹ್ನ 1

ಸೈಟಿನಲ್ಲೇ, ಜೀಪಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಮಷಿನ್ ನೆನಪಿಟ್ಟುಕೊಂಡಿರುವ ಹಳೆಯ ದೋಷಗಳ ಕೋಡ್ ಪಟ್ಟಿ ತೆರೆದೆ. ಇದ್ದದ್ದು ಒಂದೇ. 'ಲಿವರ್ ಸ್ವಿಚ್ — ಅಡ್ಡ ಸಂಪರ್ಕ.' ದೋಷ ಕಂಡ ಗಂಟೆ: 6,212.

1,908 ಗಂಟೆ ಓಡಿದ ಮಷಿನ್‌ಗೆ 6,212ನೇ ಗಂಟೆಯ ನೆನಪು!

ಆ ಸಂಖ್ಯೆ ನನಗೆ ಗೊತ್ತು. ಕ್ಲಿಯರ್ ಒತ್ತಿದೆ. ಹೋಯಿತು. ಇಳಿದು ನಿಂತು, ಎಡಕ್ಕೆ ತಿರುಗಿಸು ಎಂದು ಯೋಗರಾಜ್‌ಗೆ ಹೇಳಿದೆ. ನಿಂತಿತು. ಕೋಡ್ ವಾಪಸ್. ತಟ್ಟಿದ್ದು ನನಗೂ ಕೇಳಿಸಿತು... ಅಂಗೈಯಿಂದ ತಟ್ಟಿದ ಸದ್ದು. ಹಿಂದೆ ಹೋಗಿ ನೋಡಿದೆ. ಯಾರೂ ಇರಲಿಲ್ಲ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

ಫೆಬ್ರವರಿ 5. ಬೆಳಿಗ್ಗೆ 5:30

ಇದನ್ನು ಈ ಡೈರಿಯಲ್ಲೂ ಬರೆದಿರಲಿಲ್ಲ. ಬರೆದುಬಿಡುತ್ತೇನೆ.

2022. ಭದ್ರಾವತಿಯಲ್ಲಿ ಗೋಡೌನ್ ಕಟ್ಟುವ ಸೈಟ್. ಬೇರೆ ಮಷಿನ್. ಆಪರೇಟರ್ ಹುಲಿಯಪ್ಪ. ಸೀಟಿನ ಪಕ್ಕ ಒಂದು ಕೆಂಪು ಲಿವರ್ ಇರುತ್ತದೆ. ಎತ್ತಿದರೆ ಮಷಿನ್ ಕೈಕಾಲು ಕಟ್ಟಿದಂತೆ, ಜಾಯ್‌ಸ್ಟಿಕ್ ಮುಟ್ಟಿದರೂ ಅಲುಗುವುದಿಲ್ಲ. ಅದರ ಸ್ವಿಚ್ ಕೆಟ್ಟು ಕೆಲಸ ನಿಂತಿತ್ತು. ಎಲ್ಲರಿಗೂ ಅರ್ಜೆಂಟು. ಸ್ವಿಚ್ಚಿನ ಎರಡು ವೈರ್ ಅಡ್ಡ ಸೇರಿಸಿ ಜಂಪರ್ ಹಾಕಿದೆ. ಲಿವರ್ ಎತ್ತಿದರೂ ಇಳಿಸಿದರೂ ಇನ್ನು ಒಂದೇ, ಮಷಿನ್ ಅಲುಗುತ್ತದೆ. ನಾಳೆ ಹೊಸ ಸ್ವಿಚ್ ತರುತ್ತೇನೆ ಎಂದುಕೊಂಡೆ. ಜಂಪರ್ ಹಾಕಿದ್ದನ್ನು ಹುಲಿಯಪ್ಪನವರಿಗೆ ಹೇಳಲಿಲ್ಲ.

ಎರಡನೇ ದಿನ ಅವರು ಇಳಿಯುವಾಗ ಊಟದ ಚೀಲ ಜಾಯ್‌ಸ್ಟಿಕ್‌ಗೆ ಸಿಕ್ಕಿಕೊಂಡಿತು. ಮಷಿನ್ ಎಡಕ್ಕೆ ತಿರುಗಿತು. ಹಿಂದೆ, ಗೋಡೆಗೂ ಮಷಿನ್‌ಗೂ ನಡುವೆ ಹೆಲ್ಪರ್ ಪುಟ್ಟಪ್ಪನವರು ಗ್ರೀಸ್ ಹೊಡೆಯುತ್ತಿದ್ದರು.

ಪುಟ್ಟಪ್ಪನವರಿಗೊಂದು ಪದ್ಧತಿ. ಹಿಂದೆ ಹೋಗುವಾಗ ಬಾಡಿ ಮೇಲೆ ಒಮ್ಮೆ ತಟ್ಟುವುದು — ನಾನು ಇಲ್ಲಿದ್ದೇನೆ ಅಂತ. ಹೊರಗೆ ಬಂದ ಮೇಲೆ ಇನ್ನೊಮ್ಮೆ. ಎರಡನೆಯದು ಕೇಳುವ ತನಕ ಆಪರೇಟರ್ ತಿರುಗಿಸುವಂತಿಲ್ಲ. ಅವತ್ತು ಎರಡನೆಯದು ಬರಲಿಲ್ಲ.

ಪೊಲೀಸರಿಗಿಂತ ಮೊದಲು ಮುಟ್ಟಿದವಳು ನಾನು. ಜಂಪರ್ ಕಿತ್ತೆ. ಕೋಡ್ ಅಳಿಸಿದೆ. ಹೊಸ ಸ್ವಿಚ್ ಹಾಕಿದೆ. 'ಲಿವರ್ ಸರಿಯಿದೆ' ಎಂದು ಸಹಿ ಮಾಡಿದೆ. ಮಷಿನ್ ಓಡಿದ ಗಂಟೆ ತೋರಿಸುವ ಮೀಟರ್‌ನಲ್ಲಿದ್ದದ್ದು 6,212.

ಲಿವರ್ ಎತ್ತದೆ ಇಳಿದ ಎಂದು ಹುಲಿಯಪ್ಪನವರ ಮೇಲೆ ಕೇಸಾಯಿತು. ಮುಂದಿನ ತಿಂಗಳು ಕೊನೆಯ ವಿಚಾರಣೆ. ಶಿಕ್ಷೆ ಖಚಿತ ಅನ್ನುತ್ತಾರೆ.

ಫೆಬ್ರವರಿ 8

ನಮ್ಮ ಮ್ಯಾನೇಜರ್ ವಿಶ್ವಾರಾಧ್ಯ ಸರ್‌ಗೆ ಫೋನ್ ಮಾಡಿದೆ. ಆಗ ನಾನೇನು ಮಾಡಿದ್ದೆ ಎಂಬುದು ಗೊತ್ತಿರುವ ಇನ್ನೊಬ್ಬರು ಅವರೇ. "ಆ ಮಷಿನ್ ಗುಜರಿಗೆ ಹೋಯ್ತಲ್ಲ ತನುಜಾ. ಅದರ ಕಂಟ್ರೋಲರ್‌ನ ಯಾರೋ ತಂದು ಇದಕ್ಕೆ ಹಾಕಿರ್ತಾರೆ. ಇಷ್ಟಕ್ಕೆಲ್ಲ ಹೆದರ್ತಾರಾ ಮಾರಾಯ್ತಿ?"

ಕೋಡ್‌ಗಳನ್ನು ನೆನಪಿಟ್ಟುಕೊಳ್ಳುವ ಪೆಟ್ಟಿಗೆಯೇ ಕಂಟ್ರೋಲರ್. ಬಿಚ್ಚಿದೆ. ಮೂಲೆಯಲ್ಲಿ ಕೆಂಪು ನೇಲ್ ಪಾಲಿಶ್ ಚುಕ್ಕೆ. ನಾನು ಪರೀಕ್ಷೆ ಮಾಡಿದ್ದಕ್ಕೆಲ್ಲ ಇಡುವ ಗುರುತು. ಅದೇ ಹಳೆಯದು! ಜೋರಾಗಿ ನಗು ಬಂತು. ಹೊಸದಕ್ಕೆ ಆರ್ಡರ್ ಹಾಕಿದೆ. ಇವತ್ತು ಚೆನ್ನಾಗಿ ನಿದ್ದೆ ಮಾಡುತ್ತೇನೆ.

ಫೆಬ್ರವರಿ 14. ಮಧ್ಯಾಹ್ನ 12

ಹೊಸ ಕಂಟ್ರೋಲರ್. ಸೀಲ್ ಒಡೆದವಳು ನಾನೇ. ಕೋಡ್ ಪಟ್ಟಿ ಖಾಲಿ. ಜೋಡಿಸಿದೆ. ಅರವತ್ತು ಓಮ್.

ಎಡಕ್ಕೆ.

ನಿಂತಿತು. 'ಲಿವರ್ ಸ್ವಿಚ್ — ಅಡ್ಡ ಸಂಪರ್ಕ. 6,212.'

ತಟ್ಟಿತು. ಒಂದೇ ಸಲ.

ಯೋಗರಾಜ್ ಇಳಿದು ದೂರ ನಿಂತ. "ಇನ್ಮೇಲೆ ನಾನು ಇದನ್ನ ಹತ್ತಲ್ಲ."

ಕ್ಲಿಯರ್ ಬಟನ್ ಮೇಲೆ ಬೆರಳಿತ್ತು. ಒತ್ತಲಾಗಲಿಲ್ಲ.

ಫೆಬ್ರವರಿ 16, ಭಾನುವಾರ

ಭದ್ರಾವತಿಗೆ ಹೋಗಿದ್ದೆ. ಹುಲಿಯಪ್ಪನವರು ಈಗ ಹಿಟ್ಟಿನ ಗಿರಣಿಯಲ್ಲಿದ್ದಾರೆ. ರೆಪ್ಪೆಯೆಲ್ಲ ಬಿಳಿ. ನನ್ನನ್ನು ನೋಡಿ ಗಿರಣಿ ನಿಲ್ಲಿಸಿದರು, ಸ್ಟೂಲ್ ಒರೆಸಿ ಕೊಟ್ಟರು. ಅದೇ ತಡೆಯಲಾಗದ್ದು.

"ಲಿವರ್ ಎತ್ತಿದ್ದೆ ಮೇಡಂ," ಅಂದರು. ನಾನಿನ್ನೂ ಏನೂ ಕೇಳಿರಲಿಲ್ಲ. "ಪುಟ್ಟಪ್ಪಣ್ಣ ಹಿಂದೆ ಹೋಗಿ ತಟ್ಟಿದ್ದು ಕೇಳಿಸ್ತು, ಎತ್ತಿದೆ. ಆದ್ರೆ ಮೂರು ವರ್ಷ ಎಲ್ಲರೂ ಇಲ್ಲ ಇಲ್ಲ ಅಂದು ಅಂದು... ಈಗ ನಂಗೇ ಡೌಟು. ಎತ್ತಿದ್ನಾ?"

"ಎತ್ತಿದ್ರಿ," ಅಂದೆ. "ಜಂಪರ್ ಹಾಕಿದ್ದು ನಾನು."

ಬೈಯಲಿಲ್ಲ. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡರು. "ಹಂಗಾದ್ರೆ ಎತ್ತಿದ್ದೆ," ಅಂತ ತಮ್ಮಷ್ಟಕ್ಕೇ ಹೇಳಿಕೊಂಡರು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಫೆಬ್ರವರಿ 19

ಹುಲಿಯಪ್ಪನವರ ವಕೀಲೆ ಸಮತಾ ಅವರ ಮುಂದೆ ಎಲ್ಲ ಹೇಳಿದೆ. ನನ್ನನ್ನು ಸಾಕ್ಷಿಯಾಗಿ ಕರೆಸಲು ಅರ್ಜಿ ಹಾಕುತ್ತಾರೆ. ವಿಶ್ವಾರಾಧ್ಯ ಸರ್ ಫೋನ್: "ಕೆಲಸ ಹೋಗುತ್ತೆ. ನೀನೂ ಒಳಗೆ ಹೋಗ್ತೀಯ. ಆಮೇಲೆ ನನ್ನ ಕೇಳ್ಬೇಡ." ಕೇಳುವುದಿಲ್ಲ ಸರ್ ಎಂದೆ.

ಮಷಿನ್ ಮಲವಗೊಪ್ಪದಲ್ಲಿ ಹಾಗೇ ನಿಂತಿದೆ. ಯಾರೂ ಹತ್ತುತ್ತಿಲ್ಲ.

ಮಾರ್ಚ್ 5. ಬೆಳಿಗ್ಗೆ 11:10

ಕೋರ್ಟಿನ ಬೆಂಚು. ಪಕ್ಕದಲ್ಲಿ ಹುಲಿಯಪ್ಪನವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ನಮ್ಮ ಬೆನ್ನ ಹಿಂದೆ ಗೋಡೆ. ಬೆಂಚಿಗೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ.

ಈಗ ತಟ್ಟಿತು. ಬೆಂಚಿನ ಬೆನ್ನಿಗೆ. ಒಂದೇ ಸಲ. ನಾನು ಹುಲಿಯಪ್ಪನವರನ್ನು ನೋಡಿದೆ, ಅವರು ನನ್ನನ್ನು. ಅವರಿಗೂ ಕೇಳಿಸಿದೆ. ಇಬ್ಬರೂ ಹಿಂದೆ ತಿರುಗಲಿಲ್ಲ.

ನನ್ನ ಹೆಸರು ಕೂಗುತ್ತಿದ್ದಾರೆ. ಪೂರ್ತಿ ಹೇಳಿ ಬಂದು ಇಲ್ಲೇ ಕೂರುತ್ತೇನೆ. ಎರಡನೆಯದು ಕೇಳಿಸಿದರೆ ಇದರ ಕೆಳಗೇ ಬರೆ—