ಆ ಸೀಸೆಯಲ್ಲಿದ್ದದ್ದು ನನ್ನದು

ಡಾಕ್ಟರಮ್ಮನವರಿಗೆ ಕೈಮುಗಿದು ಬರೆಯುವುದು.

ಹೋದ ಸೋಮವಾರ ಸೂಜಿಮದ್ದಿನ ಚಟ ಬಿಡಿಸಿ ಎಂದು ತಾನಾಗಿಯೇ ಬಂದಿದ್ದ ಹೊಲಿಗೆ ಕೆಲಸದ ಹುಡುಗಿಯ ತಾಯಿ ನಾನು. ಹಿಂದಿನ ವಾರ ನಾಲ್ಕು ಸಲ ಚುಚ್ಚಿಕೊಂಡೆ ಎಂದು ಅವಳು ನಿಮ್ಮ ಹಾಳೆಯಲ್ಲಿ ಬರೆದದ್ದು ಹೊರಗೆ ನಿಂತಿದ್ದ ನನಗೆ ಆಗ ತಿಳಿದಿರಲಿಲ್ಲ. ತಲೆ ಸುತ್ತುತ್ತಿದೆ ಎಂದು ಅವಳು ಮೂತ್ರದ ಸೀಸೆಯನ್ನು ನನ್ನ ಕೈಗಿತ್ತು ಕುಳಿತಳು. ಮೂತ್ರದಲ್ಲಿ ಮದ್ದು ಕಂಡರೆ ಅವಳನ್ನು ಪೊಲೀಸರಿಗೆ ಹಿಡಿದುಕೊಡುತ್ತಾರೆಂದು ಹೆದರಿ, ನಾನು ಅದನ್ನು ಕಕ್ಕಸಿನಲ್ಲಿ ಚೆಲ್ಲಿ ನನ್ನದನ್ನು ತುಂಬಿಸಿ ಕೊಟ್ಟೆ.

ಮಾರನೆಯ ದಿನ ನೀವು, "ಬಾಯಿ ಏನ್ ಬೇಕಾದ್ರೂ ಹೇಳತ್ತಮ್ಮ, ಮೂತ್ರ ಸುಳ್ಳು ಹೇಳಲ್ಲ. ಇದ್ರಲ್ಲಿ ಏನೂ ಇಲ್ಲ," ಎಂದಿರಿ. ಅವಳಿಗೆ ಸಿಗಬೇಕಿದ್ದ ಆಸ್ಪತ್ರೆಯ ಹಾಸಿಗೆ ಬೇರೆಯವರಿಗೆ ಹೋಯಿತು. ಆಗಲೂ ನಾನು ಮಾಡಿದ್ದನ್ನು ಮುಚ್ಚಿಟ್ಟು ಅವಳನ್ನು ಮನೆಗೆ ಕರೆದುಕೊಂಡು ಹೊರಟೆ.

ದಾರಿಯಲ್ಲಿ ಅವಳು ನಕ್ಕಳು. "ಅಮ್ಮಾ, ಜನ್ಮದಲ್ಲಿ ಒಂದ್ಸಲ ನಿಜ ಹೇಳ್ದೆ, ಅದೂ ಬೋಣಿ ಆಗ್ಲಿಲ್ಲ ನೋಡು," ಎಂದಳು. ಅಂದಿನಿಂದ ದಿನವೂ ಸೂಜಿ. ನಿನ್ನೆ ಬಚ್ಚಲಲ್ಲಿ ತುಟಿ ನೀಲಿಯಾಗಿ ಬಿದ್ದಿದ್ದಳು. ದೇವರನ್ನು ಕೂಗುತ್ತಾ ಕೆನ್ನೆಗೆ ಬಾರಿಸಿದ ಮೇಲೆ ಉಸಿರು ಬಂತು. ಇನ್ನೊಂದು ಸಲ ಬಂದೀತೆಂಬ ಧೈರ್ಯ ನನಗಿಲ್ಲ.

ಇವತ್ತು ಬೆಳಿಗ್ಗೆ ಎಲ್ಲವನ್ನೂ ಅವಳಿಗೆ ಹೇಳಿದೆ. ಬೈಯಲಿಲ್ಲ. "ಬರ್ದು ಕೊಡು, ನಾನೇ ತಗೊಂಡ್ಹೋಗ್ತೀನಿ," ಎಂದಳು.

ದೇವರ ಮುಂದೆ ತಪ್ಪೊಪ್ಪಿಕೊಂಡಿದ್ದೇನೆ, ಆದರೆ ಹಾಸಿಗೆ ಕೊಡುವವರು ನೀವು. ನನ್ನ ಮೇಲೆ ಯಾವ ದೂರು ಬೇಕಾದರೂ ಬರೆದುಕೊಳ್ಳಿ. ಹಾಸಿಗೆ ಖಾಲಿ ಇಲ್ಲದಿದ್ದರೆ ನೆಲದ ಮೇಲಾದರೂ ಮಲಗಿಸಿಕೊಳ್ಳಿ, ಚಾಪೆ ಕಳಿಸಿದ್ದೇನೆ. ಇನ್ನೊಮ್ಮೆ ಪರೀಕ್ಷೆ ಮಾಡುವುದಾದರೆ ನರ್ಸಮ್ಮನೇ ಜೊತೆಗೆ ನಿಲ್ಲಲಿ. ನಾನು ಗೇಟಿನ ಹೊರಗಿದ್ದೇನೆ. ಅವಳು ಕರೆದರೂ ನನ್ನನ್ನು ಒಳಗೆ ಬಿಡಬೇಡಿ.

ಇಂತಿ,
ಅವಳ ತಾಯಿ